ಕಿರುಗುಟ್ಟುವ ಚೈನು, ಕರಗುವ ಮೇಣ

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ತಿರುವುಗಳಲ್ಲಿ ಮಾತು ಕೇಳಿಸುವುದಿಲ್ಲ. ಹತ್ತುವವರಿಗೆ ಉಸಿರೇ ಸಾಲದಿರುವಾಗ ಮಾತೆಲ್ಲಿಂದ ಬರಬೇಕು? ಹ್ಯಾಂಡಲಿಗೆ ಕಟ್ಟಿದ ದೀಪಗಳು ಮಂಜಿನೊಳಗೆ ಒಂದರ ಹಿಂದೊಂದು ಮೇಲೇರುತ್ತಿರುತ್ತವೆ. ಕೆಳಗೆ ದ್ರಾಕ್ಷಿ ತೋಟಗಳ ಕಡೆ ಎಲ್ಲೋ ನಾಯಿ ಬೊಗಳುತ್ತದೆ. ಉಳಿದಂತೆ ಕಿವಿಗೆ ಬೀಳುವುದೆಲ್ಲ ಚೈನುಗಳ ದನಿ. ಒಂದು ಸೈಕಲ್ಲು ಪಕ್ಕದಲ್ಲೇ ಹಾದುಹೋದರೂ ಟೈರು ಡಾಂಬರಿಗೆ ಉಜ್ಜುವ ಸದ್ದಲ್ಲದೆ ಬೇರೇನೂ ಇಲ್ಲ. ಅದರ ಹಿಂದಿನದು ಪೆಡಲ್ ತುಳಿದಾಗಲೆಲ್ಲ ಚಿಂವ್ ಚಿಂವ್ ಎನ್ನುತ್ತದೆ. ಮತ್ತೊಂದು ಕರಕರ ಎನ್ನುತ್ತ ಹಲ್ಲು ಕಚ್ಚಿಕೊಂಡು ಹತ್ತುತ್ತದೆ. ಏರಿನಲ್ಲಿ ಚೈನಿನ ಮೇಲೆ ಬೀಳುವ ಎಳೆತ ಹೆಚ್ಚು. ಬಳ್ಳಾರಿ ರಸ್ತೆಯ ಸಪಾಟಿನಲ್ಲಿ ಅಡಗಿಕೊಂಡಿದ್ದ ರೋಗವೆಲ್ಲ ಇಲ್ಲಿ ಬಾಯಿಬಿಡುತ್ತದೆ.

ಬೆಳಕು ಹರಿದ ಮೇಲೆ, ಕಾಫಿ ಲೋಟ ಹಿಡಿದು ನಿಂತವರ ಕಾಲುಗಳನ್ನು ನೋಡಬೇಕು. ಎಷ್ಟೋ ಜನರ ಬಲಗಾಲಿನ ಮೀನಖಂಡದ ಮೇಲೆ ಹಲ್ಲುಚಕ್ರದ ಅಚ್ಚು ಕಪ್ಪಗೆ ಮೂಡಿರುತ್ತದೆ. ಅದು ಎಣ್ಣೆ ಹಾಕಿದ ಚೈನಿನ ಗುರುತು. ಸೋಪಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಕೆಲವರ ಕಾಲು ಮಾತ್ರ ಚೊಕ್ಕಟವಾಗಿರುತ್ತದೆ. ಅವರ ಚೈನನ್ನು ಬೆರಳಿನಿಂದ ಮುಟ್ಟಿದರೆ ಅಂಟುವುದಿಲ್ಲ, ಮಸಿಯಾಗುವುದಿಲ್ಲ. ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರುತ್ತದೆ. ಅದೇ ಮೇಣ. ಮೇಣದಬತ್ತಿ ಮಾಡುವ ಅದೇ ಪ್ಯಾರಾಫಿನ್, ಕರಗಿಸಿ ಚೈನಿನ ಸಂದುಸಂದಿಗೂ ಕುಡಿಸಿದ್ದು.

ಚೈನಿಗೆ ಎಣ್ಣೆ ಬಿಡುವುದು ಗೊತ್ತು, ಈ ಮೇಣ ಯಾಕೆ ಎಂದು ಕೇಳುವವರು ಚೈನಿನ ಒಳಗನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಬೇಕು. ಇಂದು ನಾವು ಬಳಸುವ ರೋಲರ್ ಚೈನಿನ ಮೂಲ ರೂಪ ಹ್ಯಾನ್ಸ್ ರೆನಾಲ್ಡ್ ಎಂಬ ಸ್ವಿಸ್ ಮೂಲದ ಎಂಜಿನಿಯರ್ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಾಡಿದ್ದು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು. ಗೇರಿನ ಸೈಕಲ್ಲಿನ ಚೈನಿನಲ್ಲಿ ಇಂಥ ಲಿಂಕುಗಳು 110ರ ಮೇಲೆ ಇರುತ್ತವೆ. ಪ್ರತಿ ಲಿಂಕಿನಲ್ಲೂ ಒಂದು ಪಿನ್ನು, ಅದರ ಸುತ್ತ ಒಳಪಟ್ಟಿಯ ಅಂಚು, ಅದರ ಮೇಲೆ ತಿರುಗುವ ರೋಲರು. ಮುಂದಿನ ಚಕ್ರದಲ್ಲಿ 50 ಹಲ್ಲಿದ್ದು ನಿಮಿಷಕ್ಕೆ 90 ಸುತ್ತು ತುಳಿದರೆ ಸೆಕೆಂಡಿಗೆ 75 ಲಿಂಕುಗಳು ಆ ಚಕ್ರದ ಮೇಲೆ ಬಾಗಿ ನೆಟ್ಟಗಾಗುತ್ತವೆ. ಸವೆತವೆಲ್ಲ ನಡೆಯುವುದು ಕಣ್ಣಿಗೆ ಕಾಣದ ಆ ಪಿನ್ನಿನ ಸಂದಿಯಲ್ಲಿ. ಹೊರಗೆ ಹೊಳೆಯುವ ಪಟ್ಟಿಗೆ ಎಣ್ಣೆ ಹಚ್ಚಿ ಪ್ರಯೋಜನವಿಲ್ಲ. ಎಣ್ಣೆ ಆ ಸಂದಿಗೆ ಸಲೀಸಾಗಿ ಇಳಿಯುತ್ತದೆ, ನಿಜ. ಆದರೆ ಒದ್ದೆಯಾಗಿರುವ ಅದು ರಸ್ತೆಯ ಧೂಳನ್ನು ಹಿಡಿದಿಟ್ಟುಕೊಂಡು, ಗ್ಯಾರೇಜಿನವರು ಎಂಜಿನ್ನಿನ ವಾಲ್ವ್ ಉಜ್ಜಲು ಬಳಸುವ ಪೇಸ್ಟಿನ ಹಾಗೆ ಉಕ್ಕನ್ನು ತಿನ್ನತೊಡಗುತ್ತದೆ. ಮೇಣ ಗಟ್ಟಿಯಾಗಿ, ಒಣಗಿ ಕೂರುತ್ತದೆ. ಧೂಳಿಗೆ ಅಂಟಲು ಜಾಗ ಸಿಗುವುದಿಲ್ಲ.

ಇದು ಬರೀ ನಂಬಿಕೆಯ ಮಾತಲ್ಲ. ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರಿನಲ್ಲಿ ಜೇಸನ್ ಸ್ಮಿತ್ ಎಂಬವರು ಫ್ರಿಕ್ಷನ್ ಫ್ಯಾಕ್ಟ್ಸ್ ಹೆಸರಿನ ಪ್ರಯೋಗಾಲಯ ನಡೆಸಿ, ಮಾರುಕಟ್ಟೆಯ ಹಲವು ಚೈನ್ ಎಣ್ಣೆಗಳನ್ನು ಯಂತ್ರದ ಮೇಲೆ ಓಡಿಸಿ ಎಷ್ಟು ವಾಟ್ ಶಕ್ತಿ ಪೋಲಾಗುತ್ತದೆ ಎಂದು ಅಳೆದರು. ದುಬಾರಿ ಬಾಟಲಿಗಳ ನಡುವೆ ಸಾದಾ ಪ್ಯಾರಾಫಿನ್ ಮುಂಚೂಣಿಯಲ್ಲಿ ನಿಂತಿತು. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಆಡಮ್ ಕೆರಿನ್ ನಡೆಸುವ ಝೀರೊ ಫ್ರಿಕ್ಷನ್ ಸೈಕ್ಲಿಂಗ್ ಎಂಬ ಪರೀಕ್ಷಾ ಕೇಂದ್ರದಲ್ಲಿ ಚೈನುಗಳನ್ನು 1000 ಕಿಲೋಮೀಟರಿನ ಹಂತಗಳಲ್ಲಿ ಓಡಿಸಿ, ಒಂದು ಹಂತದಲ್ಲಿ ಧೂಳು ಸುರಿದು, ಇನ್ನೊಂದರಲ್ಲಿ ನೀರು ಸುರಿದು ಸವೆತ ನೋಡುತ್ತಾರೆ. ಅಲ್ಲಿಯೂ ಕರಗಿಸಿ ಅದ್ದಿದ ಮೇಣದ್ದೇ ಮೇಲುಗೈ. ಹೀಗಿದ್ದೂ ಭಾನುವಾರ ಬೆಟ್ಟದಲ್ಲಿ ಕಿರುಗುಟ್ಟುವ ಚೈನುಗಳಲ್ಲಿ ಮೇಣದವೂ ಸಾಕಷ್ಟಿರುತ್ತವೆ. ಯಾಕೆಂದು ತಿಳಿಯಬೇಕಾದರೆ ಬೆಟ್ಟ ಇಳಿದು ಯಲಹಂಕದ ಕಡೆಗೆ ಬರಬೇಕು.

ಮುಖ್ಯರಸ್ತೆಯಿಂದ ಒಳಗಿರುವ ಒಂದು ರಿಪೇರಿ ಅಂಗಡಿ. ಅಗಲ ಒಂದು ಷಟರಿನಷ್ಟು. ಗೋಡೆಗೆ ಹೊಡೆದ ಮೊಳೆಗಳಲ್ಲಿ ಟ್ಯೂಬು, ಸ್ಪೋಕು, ಹಳೆಯ ಸೀಟು. ಒಳಗಿನ ಮೂಲೆಯಲ್ಲಿ ಕಡಪ ಕಲ್ಲಿನ ಕಟ್ಟೆ, ಅದರ ಮೇಲೆ ಕರೆಂಟಿನ ಒಲೆ, ಒಲೆಯ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು, ನೀರಿನೊಳಗೆ ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಮೇಣ ಕರಗಿ ತಿಳಿನೀರಾಗಿ ನಿಂತಿದೆ. ಪಕ್ಕದಲ್ಲಿ ಅಡುಗೆಮನೆಯ ಥರ್ಮಾಮೀಟರು, ಬಾಗಿಸಿದ ಸ್ಪೋಕಿನ ಕೊಕ್ಕೆ, ಒಂದು ತಟ್ಟೆ, ಮತ್ತು ಡಬ್ಬಿಗೆ ಸರಿಯಾಗಿ ಕೂರುವ ಮುಚ್ಚಳ. ಮುಚ್ಚಳ ಯಾವತ್ತೂ ಕೈಗೆಟುಕುವಲ್ಲೇ ಇರುತ್ತದೆ. ಅಂಗಡಿಯವರು ಚಿಂತಾಮಣಿಯವರು, ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ಪಂಕ್ಚರ್ ಹಾಕುತ್ತ ಈ ಕೆಲಸಕ್ಕೆ ಬಂದವರು. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲಿನವರೂ ಹಾಲು ಹಾಕುವ ಹುಡುಗನೂ ಅವರನ್ನು ಕರೆಯುವುದು ಅಣ್ಣ ಎಂದೇ.

ಅಣ್ಣನದು ಒಂದೇ ಹಟ. ಚೈನು ಕೈಗೆ ಬಂದ ಕೂಡಲೇ ಏನನ್ನೂ ಹಾಕುವುದಿಲ್ಲ. ಮೊದಲು ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ, ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತ ಕಿವಿ ಕೊಡುತ್ತಾರೆ. ಆಮೇಲೆ ಬಿಳಿ ಬಟ್ಟೆಯಿಂದ ಚೈನನ್ನು ಹಿಡಿದು ಎಳೆದು ಬಟ್ಟೆಯ ಬಣ್ಣ ನೋಡುತ್ತಾರೆ. ಅದಾದ ಮೇಲೆ ಪ್ರಶ್ನೆ.

ಆ ಬೆಳಿಗ್ಗೆ ಮೊದಲು ಬಂದವನು ಬಾಗಲಕೋಟೆಯ ಹುಡುಗ. ವಿಜಯಪುರ, ಬಾಗಲಕೋಟೆಯ ಸೀಮೆ ಕರ್ನಾಟಕದ ಸೈಕಲ್ ಓಟಗಾರರ ತವರು. ಊರಿನ ಮಣ್ಣಿನಲ್ಲೇ ಆ ಹುಚ್ಚು ಇದೆ. ಇವನೂ ರೇಸಿಗೆ ಇಳಿಯುವವನು.

"ಅಣ್ಣಾರ, ಹೊಸಾ ಚೈನ ಐತ್ರಿ. ಮ್ಯಾಣ ಹಾಕಿ ಎರಡು ಸಲ ಹೊಡದೀನಿ ಅಷ್ಟ, ಆಗಲೇ ಚುಂಯ್ ಅನ್ನಾಕತ್ತೈತಿ. ಮ್ಯಾಣಾನ ಖೊಟ್ಟಿ ಇರಬೇಕ್ರಿ."

"ತಪ್ಪನ್ನ ಮೇಣದ ಮೇಲೆ ಯಾಕಪ್ಪಾ ಹಾಕ್ತೀಯ? ಮೇಣ ಹಾಕೋಕೆ ಮುಂಚೆ ಚೈನ್ ತೊಳೆದ್ಯಾ?"

"ಡಬ್ಬಿ ಒಡದು ಹಾಂಗ ಅದ್ದೀನ್ರಿ. ಹೊಸಾದನ್ನ ಯಾಕ ತೊಳೀಬೇಕ್ರಿ?"

ಅಣ್ಣ ಬಟ್ಟೆ ತೋರಿಸಿದರು. ಬಿಳಿ ಬಟ್ಟೆಯ ಮೇಲೆ ಕಂದು ಬಣ್ಣದ ಜಿಡ್ಡು. ಮೇಣದ ದೂರುಗಳಲ್ಲಿ ಅತಿ ಹೆಚ್ಚಿನವು ಇಲ್ಲಿ ಹುಟ್ಟುತ್ತವೆ. ಹೊಸ ಚೈನು ಡಬ್ಬಿಯಿಂದ ಬರುವಾಗ ಒಳಗೆಲ್ಲ ಕಾರ್ಖಾನೆಯ ಗ್ರೀಸ್ ತುಂಬಿರುತ್ತದೆ. ಸಮುದ್ರ ದಾಟಿ ಬರುವಾಗ, ಗೋದಾಮಿನಲ್ಲಿ ಕೊಳೆಯುವಾಗ ತುಕ್ಕು ಹಿಡಿಯಬಾರದೆಂದು ತುಂಬಿದ ಗ್ರೀಸ್ ಅದು. ಎಣ್ಣೆ ಹಾಕುವವರಿಗೆ ಅದು ಒಳ್ಳೆಯದೇ, ತೆಗೆಯುವ ಅಗತ್ಯವಿಲ್ಲ. ಮೇಣಕ್ಕೆ ಮಾತ್ರ ಅದು ವೈರಿ. ಪಿನ್ನಿನ ಸಂದಿಯಲ್ಲಿ ಗ್ರೀಸ್ ಕೂತಿರುವಾಗ ಮೇಣಕ್ಕೆ ಉಕ್ಕನ್ನು ಹಿಡಿಯಲು ಆಗುವುದಿಲ್ಲ. ಎರಡೂ ಬೆರೆತು ಮೆತ್ತಗಿನ ಜಿಡ್ಡಾಗಿ, ಗ್ರೀಸಿನ ಗುಣವೂ ಇಲ್ಲದೆ ಮೇಣದ ಗುಣವೂ ಇಲ್ಲದೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೊರಗೆ ಬಂದುಬಿಡುತ್ತದೆ. ಅದರ ಮೇಲೆ ಎರೆಮಣ್ಣಿನ ನುಣ್ಣನೆಯ ಧೂಳು ಕೂತರೆ ಕೇಳುವುದೇ ಬೇಡ.

ತೊಳೆಯುವುದೂ ಒಂದು ಕ್ರಮ. ಚೈನನ್ನು ಬಾಯಿ ಅಗಲವಿರುವ ಬಾಟಲಿಗೆ ಹಾಕಿ ಬಣ್ಣದಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ಸುರಿದು ಮುಚ್ಚಳ ಬಿಗಿದು ಕುಲುಕಬೇಕು. ಒಂದು ತೊಳೆಗೆ ಕಂದು ಬಣ್ಣ ಬರುತ್ತದೆ, ಎರಡನೆಯದಕ್ಕೆ ಹಳದಿ. ಬಾಟಲಿಯಲ್ಲಿ ಬಣ್ಣ ಬರುವುದು ನಿಲ್ಲುವತನಕ ಬಿಡುವಂತಿಲ್ಲ. ಹಳಬರು ಸೀಮೆಎಣ್ಣೆಯಲ್ಲೇ ತೊಳೆಯುತ್ತಿದ್ದರು; ಗ್ರೀಸ್ ಬಿಡಿಸುವುದರಲ್ಲಿ ಅದೂ ಗಟ್ಟಿಗ. ಆದರೆ ಸೀಮೆಎಣ್ಣೆಯಾಗಲಿ ಟರ್ಪೆಂಟೈನ್ ಆಗಲಿ ತಾನು ಹೋಗುವಾಗ ತೆಳ್ಳಗೆ ಒಂದು ಎಣ್ಣೆಪದರ ಬಿಟ್ಟು ಹೋಗುತ್ತದೆ. ಅಷ್ಟು ಸಾಕು ಮೇಣ ಹಿಡಿಯದಿರಲು. ಅದಕ್ಕೇ ಕೊನೆಯ ತೊಳೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಆಗಬೇಕು. ಅದು ಆರಿದ ಮೇಲೆ ಚೈನು ಮುಟ್ಟಿದರೆ ಬರಿಯ ಲೋಹ ಮುಟ್ಟಿದ ಹಾಗಿರಬೇಕು, ಕುಲುಕಿದರೆ ಒಣಗಿದ ಗಲಗಲ ಸದ್ದು ಬರಬೇಕು. ಪೆಟ್ರೋಲಿನಲ್ಲಿ ತೊಳೆಯುವ ಚಾಳಿ ಇನ್ನೂ ಕೆಲವರಿಗಿದೆ. ಅದರ ಆವಿಗೆ ಎಲ್ಲೋ ದೂರದ ಒಂದು ಕಿಡಿ ಸಾಕು. ದಯವಿಟ್ಟು ಬೇಡ. ತುಕ್ಕು ಬಿಡಿಸುವ ಆ್ಯಸಿಡ್ ದ್ರಾವಣಗಳಲ್ಲಿ ನೆನೆಹಾಕುವುದೂ ಬೇಡ. ಆ್ಯಸಿಡ್ ಕುಡಿದ ಗಟ್ಟಿ ಉಕ್ಕು ಒಳಗೊಳಗೇ ಪೆಡಸಾಗಿ ಒಂದು ದಿನ ಎಳೆತಕ್ಕೆ ತುಂಡಾಗುತ್ತದೆ.

ಹುಡುಗ ಬಾಟಲಿ ಕುಲುಕುತ್ತ ಬಾಗಿಲಲ್ಲಿ ಕೂತ. ತೊಳೆದು ಮುಗಿದ ಚೈನನ್ನು ಅಣ್ಣ ಕೊಕ್ಕೆಗೆ ಪೋಣಿಸಿ ಡಬ್ಬಿಗೆ ಇಳಿಸಿದರು. ಇಳಿಸಿದ ತಕ್ಷಣ ಮೇಣ ಬೆಳ್ಳಗಾಯಿತು. ತಣ್ಣನೆಯ ಲೋಹಕ್ಕೆ ತಾಗಿದ ಮೇಣ ಅಲ್ಲೇ ಹೆಪ್ಪುಗಟ್ಟಿತು. ಅವಸರದವರು ಈ ಬಿಳಿ ಹೊದಿಕೆ ನೋಡಿ, ಮೇಣ ಹಿಡಿಯಿತು ಎಂದು ಎತ್ತಿಬಿಡುತ್ತಾರೆ. ಒಳಗೆ ಒಂದು ಹನಿಯೂ ಹೋಗಿರುವುದಿಲ್ಲ. ಚೈನು ಪೂರ್ತಿ ಬಿಸಿಯೇರಿ ಹೆಪ್ಪು ಮತ್ತೆ ಕರಗಬೇಕು. ಆಗ ಶುರುವಾಗುತ್ತದೆ ಗುಳ್ಳೆ. ರೋಲರುಗಳ ಒಳಗಿಂದ ಗಾಳಿ ಸಾಸಿವೆ ಗಾತ್ರದ ಗುಳ್ಳೆಗಳಾಗಿ ಸಾಲುಸಾಲು ಮೇಲೆ ಬರುತ್ತದೆ. ಕೊಕ್ಕೆಯನ್ನು ಅಲುಗಿಸಿದರೆ ಇನ್ನಷ್ಟು. ಗಾಳಿ ಹೊರಬಂದ ಜಾಗಕ್ಕೇ ಮೇಣ ಒಳಗೆ ಹೋಗುವುದು. ಗುಳ್ಳೆ ನಿಂತರೆ ಒಳಗೆ ತುಂಬಿತು ಎಂದರ್ಥ. ಹದಿನೈದು ನಿಮಿಷ ಬೇಕಾಗುತ್ತದೆ, ಒಮ್ಮೊಮ್ಮೆ ಹೆಚ್ಚು. ನೋಡುತ್ತ ಕೂರಲು ಬಲು ಚೆಂದ.

ಮೇಣದಬತ್ತಿ ಮಾಡುವವರಿಗೆ ನಮ್ಮಲ್ಲಿ ಸಿಗುವ ಪ್ಯಾರಾಫಿನ್ ಸಾಮಾನ್ಯವಾಗಿ 58ರಿಂದ 60 ಡಿಗ್ರಿಯಲ್ಲಿ ಕರಗುತ್ತದೆ. ಕರಗಿದ್ದೇ ಸಾಲದು, 85ರಿಂದ 95 ಡಿಗ್ರಿಗೆ ಏರಿದರೆ ಅದು ನೀರಾಗಿ ಸಂದಿಗೆ ಇಳಿಯುತ್ತದೆ. ನೀರಿನ ಪಾತ್ರೆಯೊಳಗೆ ಡಬ್ಬಿ ಇಡುವುದರ ಗುಟ್ಟು ಇಲ್ಲಿದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಪಾತ್ರೆಯಲ್ಲಿ ನೀರಿರುವತನಕ ಎಷ್ಟೇ ಉರಿ ಕೊಟ್ಟರೂ ಮೇಣ ಅದನ್ನು ಮೀರುವುದಿಲ್ಲ. ನೇರವಾಗಿ ಗ್ಯಾಸ್ ಒಲೆಯ ಮೇಲೆ ಡಬ್ಬಿ ಇಟ್ಟರೆ ಅಂಥ ತಡೆಯಿಲ್ಲ. ಸುಮಾರು 200 ಡಿಗ್ರಿ ಮುಟ್ಟಿದರೆ ಮೇಣದ ಆವಿಗೆ ಬೆಂಕಿ ಹತ್ತುತ್ತದೆ. ಹತ್ತಿದ ಮೇಣಕ್ಕೆ ನೀರು ಹಾಕಿದರೆ ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಮೇಣವನ್ನು ಗೋಡೆ, ಸೂರು, ಮುಖಕ್ಕೆಲ್ಲ ಎರಚುತ್ತದೆ. ಆಗ ಮಾಡಬೇಕಾದ್ದು ಮುಚ್ಚಳ ಮುಚ್ಚಿ ಒಲೆ ಆರಿಸುವುದು, ಅಷ್ಟೇ. ಒಲೆ ಹಚ್ಚಿಟ್ಟು ಫೋನಿಗೆ ಹೋಗುವ ಕೆಲಸ ಇದಲ್ಲ.

ಇನ್ನೊಂದು ತಪ್ಪು ಎತ್ತುವ ಹೊತ್ತಿನಲ್ಲಿ ಆಗುತ್ತದೆ. 95 ಡಿಗ್ರಿಯಲ್ಲೇ ಚೈನನ್ನು ಎತ್ತಿ ನೇತುಹಾಕಿದರೆ ಒಳಗೆ ಹೋಗಿದ್ದ ಮೇಣ ತೊಟತೊಟನೆ ಸೋರಿ ಮತ್ತೆ ಡಬ್ಬಿಗೇ ಬರುತ್ತದೆ. ಹೊರಗೆ ನೋಡಲು ಅಚ್ಚುಕಟ್ಟು, ಒಳಗೆ ಟೊಳ್ಳು. ಅಂಥ ಚೈನು ಬೇಗ ಕೂಗುತ್ತದೆ. ಒಲೆ ಆರಿಸಿ, ಚೈನು ಒಳಗಿರುವಾಗಲೇ 70 ಡಿಗ್ರಿಯ ಹತ್ತಿರಕ್ಕೆ ಆರಲು ಬಿಟ್ಟು ಎತ್ತಬೇಕು. ತೀರಾ ತಣಿಸಿ ಎತ್ತಿದರೆ ದಪ್ಪನೆಯ ಪದರ ಕೂತು ಆಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಈ ಉದುರುವಿಕೆ ನೋಡಿ ಗಾಬರಿಯಾಗುವವರು ಬಹಳ. ಉದುರುವುದು ಹೊರಗಿನ ಮೇಣ, ಕೆಲಸ ಮಾಡುವುದು ಒಳಗಿನದು. ನೆಲ ಗಲೀಜಾದೀತೇ ಹೊರತು ಚೈನಿಗೆ ನಷ್ಟವಿಲ್ಲ.

ಆರಿದ ಚೈನು ಕೋಲಿನಂತೆ ಸೆಟೆದು ನಿಲ್ಲುತ್ತದೆ. ಹುಡುಗ ಹೆದರಿದ. ಅಣ್ಣ ಅದನ್ನು ಗೋಡೆಯ ಸರಳಿಗೆ ಸುತ್ತಿ ಆಚೆಈಚೆ ಎಳೆದು ಲಟಲಟನೆ ಒಂದೊಂದೇ ಲಿಂಕು ಬಿಡಿಸಿದರು. ಸೈಕಲ್ಲಿಗೇರಿಸಿದ ಮೇಲೂ ಮೊದಲ ಹತ್ತು ನಿಮಿಷ ಗೇರು ಸರಿಯಾಗಿ ಬೀಳದೆ ಹಾರಬಹುದು. ಅದಕ್ಕಾಗಿ ಗೇರಿನ ಕೇಬಲ್ಲು ತಿರುಗಿಸಲು ಹೋಗಬಾರದು. ಲಿಂಕುಗಳು ಸಡಿಲವಾದ ಮೇಲೆ ತಾನೇ ಸರಿಹೋಗುತ್ತದೆ. ರೇಸಿನ ಹಿಂದಿನ ದಿನವೇ ಮೇಣ ಹಾಕಿ ಒಂದು ಸುತ್ತು ಹೋಗಿಬರುವುದು ಲೇಸು. ಚೈನು ಜೋಡಿಸುವ ಕ್ವಿಕ್ ಲಿಂಕನ್ನೂ ನೆನಪಿಡಬೇಕು. ಮೇಣಕ್ಕೆಂದು ಪದೇಪದೇ ಬಿಚ್ಚಿ ಹಾಕುವವರು, ತಮ್ಮ ಕ್ವಿಕ್ ಲಿಂಕ್ ಒಂದೇ ಬಾರಿ ಬಳಸತಕ್ಕದ್ದೋ ಮರುಬಳಕೆಯದ್ದೋ ಎಂದು ಡಬ್ಬಿಯ ಮೇಲೆ ಓದಿಕೊಳ್ಳಬೇಕು. ಶಿಮಾನೊ ಮತ್ತು ಎಸ್‌ಆರ್‌ಎಎಂ ಕಂಪನಿಗಳ 11, 12 ಗೇರಿನ ಚೈನುಗಳದ್ದು ಒಂದೇ ಬಾರಿಯವು.

ಅಷ್ಟರಲ್ಲಿ ಒಬ್ಬರು ಮೇಡಂ ಬಂದರು. ವೈಟ್‌ಫೀಲ್ಡ್ ಕಡೆ ಕೆಲಸ, ಬ್ರೆವೆ ಎಂಬ ದೂರದ ಸವಾರಿಗಳಲ್ಲಿ 200, 300 ಕಿಲೋಮೀಟರು ಓಡಿಸುವವರು. ಅವರದು ಬಾಟಲಿ ಮೇಣ. ದಕ್ಷಿಣ ಆಫ್ರಿಕಾದ ಸ್ಕ್ವರ್ಟ್ ಇದರಲ್ಲಿ ಹೆಸರಾದದ್ದು. ಮೇಣವನ್ನು ಸಣ್ಣ ಕಣಗಳಾಗಿ ನೀರಿನಲ್ಲಿ ಕದಡಿದ ಹಾಲು ಇದು. ಒಲೆ ಬೇಡ, ಚೈನು ಬಿಚ್ಚಬೇಕಿಲ್ಲ, ಹನಿ ಹನಿ ಬಿಟ್ಟರಾಯಿತು. ದೂರು ಎರಡು: ಹೊರಟ ಅರ್ಧ ಗಂಟೆಗೇ ಸದ್ದು, ಮತ್ತು ಹಿಂದಿನ ಹಲ್ಲುಚಕ್ರಗಳ ಮೇಲೆ ಕರಿ ಮೇಣದ ಮುದ್ದೆ.

"ಹಾಕಿದ್ದು ಯಾವಾಗ ಮೇಡಂ?"

"ಬೆಳಿಗ್ಗೆ ಹೊರಡೋ ಮುಂಚೆ ಅಣ್ಣ. ನಾಲ್ಕು ಗಂಟೆಗೆ ಹಾಕಿ ನಾಲ್ಕೂಕಾಲಿಗೆ ಹೊರಟೆ."

ಉತ್ತರ ಅದರಲ್ಲೇ ಇತ್ತು. ಬಾಟಲಿಯಲ್ಲಿರುವ ನೀರು ಆರಿಹೋಗಿ ಮೇಣ ಮಾತ್ರ ಉಳಿಯಬೇಕು. ಅದಕ್ಕೆ ಒಂದು ರಾತ್ರಿ ಬೇಕು. ಹಸಿಯಾಗಿರುವಾಗಲೇ ಹೊರಟರೆ ಚೈನಿನ ಓಟಕ್ಕೆ ಹಾಲು ಸಿಡಿದು ಫ್ರೇಮಿಗೆ, ಹಿಂದಿನ ಚಕ್ರಕ್ಕೆ ಅಂಟುತ್ತದೆ. ಒಳಗೆ ನೀರೇ ಉಳಿದಿರುತ್ತದೆ. ಬಾಟಲಿಯನ್ನು ಕುಲುಕದೆ ಹಾಕಿದರೆ ಮೇಲಿನ ನೀರಷ್ಟೇ ಬೀಳುತ್ತದೆ. ಇನ್ನು ಮುದ್ದೆಯ ಕಥೆ: ಹಿಂದಿನ ಸಲದ ಧೂಳು ಒರೆಸದೆ ಮೇಲೆ ಮೇಲೆ ಹಾಕಿದ್ದರ ಫಲ. ರೋಲರಿನ ಮೇಲೆ, ಒಳಬದಿಗೆ, ಹನಿಯೊಂದರಂತೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದನ್ನು ಬಟ್ಟೆಯಿಂದ ಒರೆಸಿ ಮಲಗಬೇಕು. ಬಾಟಲಿ ಮೇಣಕ್ಕೂ ಮೊದಲ ದಿನದ ತೊಳೆ ತಪ್ಪಿದ್ದಲ್ಲ. ನನ್ನ ಅನಿಸಿಕೆ ಕೇಳಿದರೆ, ಅದ್ದುವ ಮೇಣವೇ ಮುಖ್ಯ ಊಟ; ಬಾಟಲಿ ಇರಬೇಕಾದ್ದು ಎರಡು ಅದ್ದಿಕೆಗಳ ನಡುವೆ ಕೈಹಿಡಿಯಲಿಕ್ಕೆ.

ಇಷ್ಟೆಲ್ಲ ಹೇಳಿದ ಮೇಲೂ ಮೇಡಂ ಸೈಕಲ್ಲಿನ ಸದ್ದು ಪೂರ್ತಿ ಅರ್ಥವಾಗಿರಲಿಲ್ಲ. ಅಣ್ಣ ಚೈನು ಬಿಚ್ಚಿ ತೆಗೆದಿಟ್ಟರು. ಆಮೇಲೆ ಗೇರು ಬದಲಿಸುವ ಹಿಂದಿನ ಡಿರೈಲರಿನ ಎರಡು ಪುಟ್ಟ ಹಲ್ಲುಚಕ್ರಗಳನ್ನು, ಜಾಕಿ ವೀಲುಗಳನ್ನು, ಬೆರಳಿನಿಂದ ತಿರುಗಿಸಿದರು. ಚೀಂಯ್! ಚೈನೇ ಇಲ್ಲದೆ ಸದ್ದು. ಎಣ್ಣೆ ಬಳಸುತ್ತಿದ್ದಾಗ ಚೈನಿನಿಂದ ತೊಟ್ಟಿಕ್ಕಿದ ಎಣ್ಣೆಯೇ ಈ ಚಕ್ರಗಳ ನಡುವಿನ ಬುಷ್ಷನ್ನೂ ತೋಯಿಸುತ್ತಿತ್ತು. ಮೇಣಕ್ಕೆ ಬದಲಾದ ಮೇಲೆ ಅಲ್ಲಿಗೆ ಏನೂ ತಲುಪುತ್ತಿಲ್ಲ. ಸ್ಕ್ರೂ ಬಿಚ್ಚಿ, ಬುಷ್ಷನ್ನು ಒರೆಸಿ, ಬೆರಳ ತುದಿಯಷ್ಟು ಗ್ರೀಸ್ ಹಚ್ಚಿ ಮತ್ತೆ ಕೂರಿಸಿದರು. ಮತ್ತೆ ತಿರುಗಿಸಿದಾಗ ದನಿಯಿಲ್ಲ. ಚೈನಿನ ತಲೆಗೆ ಕಟ್ಟಿದ ಎಷ್ಟೋ ದೂರುಗಳು ಹೀಗೆ ಜಾಕಿ ವೀಲಿನದೋ, ಪೆಡಲಿನದೋ, ಪೆಡಲಿನ ನಡುವಿನ ಬೇರಿಂಗಿನದೋ ಆಗಿರುತ್ತವೆ. ಚೈನಿಗೆ ಮತ್ತಷ್ಟು ಮೇಣ ಹಾಕುವ ಮೊದಲು ಅದನ್ನು ಬಿಚ್ಚಿಟ್ಟು ಉಳಿದದ್ದನ್ನೆಲ್ಲ ತಿರುಗಿಸಿ ನೋಡುವುದು ಎರಡು ನಿಮಿಷದ ಕೆಲಸ.

ಮೂಲೆಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಚೈನೊಂದು ನೇತಾಡುತ್ತಿತ್ತು. ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋದವರೊಬ್ಬರದು. ಮಳೆಯೇ ಮೇಣದ ನಿಜವಾದ ದೌರ್ಬಲ್ಯ, ಅದನ್ನು ಮುಚ್ಚಿಡಬಾರದು. ಎಣ್ಣೆ ಜರುಗಿದರೂ ಹರಿದು ಬಂದು ತೆರವಾದ ಜಾಗವನ್ನು ಮತ್ತೆ ಮುಚ್ಚುತ್ತದೆ. ಗಟ್ಟಿ ಮೇಣ ಒಮ್ಮೆ ಸವೆದು ಜರುಗಿದರೆ ಹಿಂದಿರುಗುವುದಿಲ್ಲ. ಆ ಜಾಗಕ್ಕೆ ನೀರು ನುಗ್ಗುತ್ತದೆ, ಟೈರು ಎರಚುವ ಕೆಸರುನೀರಂತೂ ಮರಳನ್ನೂ ತರುತ್ತದೆ. ಒಣ ರಸ್ತೆಯಲ್ಲಿ ಒಂದು ಅದ್ದಿಕೆ 300 ಕಿಲೋಮೀಟರಿನ ಆಸುಪಾಸು ನಡೆದರೆ, ಜಡಿಮಳೆಯಲ್ಲಿ ಒಂದೇ ದಿನಕ್ಕೆ ಮುಗಿಯಬಹುದು. ನೆನೆದ ಸೈಕಲ್ಲನ್ನು ಹಾಗೇ ಗೋಡೆಗೊರಗಿಸಿ ಮಲಗಿದರೆ ಬೆಳಿಗ್ಗೆಗೆ ತುಕ್ಕು. ಕರಾವಳಿಯ ಉಪ್ಪುಗಾಳಿ ಸೇರಿದರೆ ಇನ್ನೂ ಬೇಗ. ಆ ಮನುಷ್ಯ ಮಾಡಬೇಕಿದ್ದದ್ದು ಇಷ್ಟೇ: ಊರು ಮುಟ್ಟಿದ ಕೂಡಲೇ ಬಟ್ಟೆಯಿಂದ ಚೈನು ಒರೆಸಿ, ಫ್ಯಾನಿನ ಕೆಳಗೆ ಆರಿಸಿ, ರಾತ್ರಿಯೇ ಬಾಟಲಿ ಮೇಣ ಬಿಡುವುದು. ಮನೆಗೆ ಬಂದ ಮೇಲೆ ಹೊಸದಾಗಿ ಅದ್ದುವುದು. ಹೊರಪಟ್ಟಿಯ ಮೇಲಿನ ತೆಳು ತುಕ್ಕಿಗೆ ಹೆದರಬೇಕಿಲ್ಲ. ಲಿಂಕು ಬಾಗದೆ ಬಿಗಿದುಕೊಂಡರೆ ಮಾತ್ರ ತುಕ್ಕು ಪಿನ್ನಿನವರೆಗೆ ಇಳಿದಿದೆ ಎಂದರ್ಥ. ನೇತಾಡುತ್ತಿದ್ದ ಚೈನಿನಲ್ಲಿ ಹಾಗೆ ಬಿಗಿದ ಲಿಂಕುಗಳು ಹಲವಿದ್ದವು. ಅದು ಮತ್ತೆ ರಸ್ತೆಗೆ ಬರಲಾರದು.

ಇದೆಲ್ಲಕ್ಕಿಂತ ಅಣ್ಣನನ್ನು ನೋಯಿಸುವುದು ಒಳ್ಳೆಯ ಮನಸ್ಸಿನಿಂದ ಆದ ಕೆಡುಕು. ಮೇಣದ ಚೈನು ನೋಡಲು ಬರಡಾಗಿರುತ್ತದೆ. ಬೇರೆಲ್ಲೋ ಸರ್ವಿಸಿಗೆ ಬಿಟ್ಟಾಗ ಅಲ್ಲಿಯ ಹುಡುಗ, ಪಾಪ ಒಣಗಿದೆ ಎಂದು ಧಾರಾಳವಾಗಿ ಎಣ್ಣೆ ಬಿಟ್ಟು ಕಳಿಸುತ್ತಾನೆ. ಎಣ್ಣೆ ಒಳಗಿನ ಮೇಣವನ್ನು ಮೆತ್ತಗಾಗಿಸಿ ಹೊರಗೆ ತಳ್ಳುತ್ತದೆ, ಧೂಳನ್ನು ಕರೆಯುತ್ತದೆ. ಅಂಥ ಚೈನನ್ನು ಹಾಗೇ ಮೇಣದ ಡಬ್ಬಿಗೆ ಅದ್ದಿದರೆ ಡಬ್ಬಿಯೂ ಕೆಟ್ಟಂತೆ, ಆ ಡಬ್ಬಿಯಲ್ಲಿ ಮುಂದೆ ಅದ್ದುವ ಚೈನುಗಳೂ ಕೆಟ್ಟಂತೆ. ಮೊದಲಿನಿಂದ ತೊಳೆಯುವುದೊಂದೇ ದಾರಿ. ಸರ್ವಿಸಿಗೆ ಬಿಡುವಾಗ, ಮೇಣದ ಚೈನು, ಎಣ್ಣೆ ಬೇಡ ಎಂದು ಒಂದು ಚೀಟಿ ಕಟ್ಟಿದರೆ ಎಲ್ಲರಿಗೂ ನೆಮ್ಮದಿ.

ಡಬ್ಬಿಯ ಮೇಣವನ್ನೂ ಗಮನಿಸುತ್ತಿರಬೇಕು. ಮೊದಲು ಸ್ಫಟಿಕ, ಬರಬರುತ್ತ ಬೂದಿ. ತಣಿದ ಮೇಣದ ಹೆಂಟೆಯನ್ನು ಬೋರಲು ಹಾಕಿದರೆ ತಳದಲ್ಲಿ ಸಣ್ಣ ಮರಳು ಪದರವಾಗಿ ಕೂತಿರುತ್ತದೆ. ಚಾಕುವಿನಿಂದ ಕೆತ್ತಿ ಎಸೆಯಬಹುದು. ಪೂರ್ತಿ ಕಪ್ಪಾದರೆ ಬದಲಿಸುವುದೇ ಸರಿ. ಪ್ರತಿ ಸಲ ಅದ್ದುವ ಮುಂಚೆ ಚೈನಿನ ಮೇಲೆ ಕುದಿನೀರು ಸುರಿದು ಹಳೆಯ ಮೇಣವನ್ನೂ ಕೊಳೆಯನ್ನೂ ಇಳಿಸಿ, ಒಣಗಿಸಿ ಅದ್ದಿದರೆ ಡಬ್ಬಿ ಬಹಳ ಕಾಲ ತಿಳಿಯಾಗಿರುತ್ತದೆ. ಆ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಮೇಣ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಕೊಳ್ಳುವಾಗ ಪೂರ್ತಿ ಶುದ್ಧೀಕರಿಸಿದ ಪ್ಯಾರಾಫಿನ್ ಎಂದೇ ಕೇಳಿ. ಅಸ್ಸಾಮಿನ ದಿಗ್ಬೊಯಿ, ನುಮಾಲಿಗಡದ ಸಂಸ್ಕರಣಾಗಾರಗಳಲ್ಲಿ ನಮ್ಮ ದೇಶದ ಮೇಣ ತಯಾರಾಗುತ್ತದೆ. ಅರೆಶುದ್ಧ ಮೇಣದಲ್ಲಿ ಎಣ್ಣೆಯಂಶ ಉಳಿದಿರುತ್ತದೆ, ಚೈನು ಜಿಡ್ಡಾಗುತ್ತದೆ. ಬಣ್ಣ, ಸುವಾಸನೆ ಬೆರೆಸಿದ ಮೇಣದಬತ್ತಿಗಳು ಇದಕ್ಕಲ್ಲ. ಜೇನುಮೇಣ ಅಂಟು, ಧೂಳು ಹಿಡಿಯುತ್ತದೆ.

ಇಷ್ಟು ಕಷ್ಟಪಟ್ಟದ್ದಕ್ಕೆ ಫಲವಿದೆಯೇ ಎಂಬುದನ್ನು ಸ್ಟೀಲಿನ ಸ್ಕೇಲು ಹೇಳುತ್ತದೆ. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದು 24 ಲಿಂಕು ಎಣಿಸಿದರೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. ಪಿನ್ನುಗಳು ಸವೆದಂತೆ ಈ ಅಳತೆ ಬೆಳೆಯುತ್ತದೆ. ಒಂದೂವರೆ ಮಿಲಿಮೀಟರು ಬೆಳೆದರೆ ಅರ್ಧ ಶೇಕಡಾ ಸವೆತ. 11, 12 ಗೇರಿನ ಚೈನನ್ನು ಆಗಲೇ ಬದಲಿಸಬೇಕು, ಇಲ್ಲವಾದರೆ ಅದು ತನಗಿಂತ ದುಬಾರಿಯಾದ ಹಲ್ಲುಚಕ್ರಗಳನ್ನೂ ತಿಂದುಹಾಕುತ್ತದೆ. ಬಾಗಲಕೋಟೆಯ ಹುಡುಗನಿಗೂ ಅಣ್ಣ ಸ್ಕೇಲು ಹಿಡಿದು ತೋರಿಸಿದರು. ಎರಡೇ ಸವಾರಿಯ ಚೈನು, ಇನ್ನೂ 12 ಇಂಚಿನಲ್ಲೇ ಇತ್ತು. ಸಕಾಲಕ್ಕೆ ಬಂದಿದ್ದ.

ನನ್ನ ತೀರ್ಮಾನ ಹೀಗಿದೆ. ವಿಜಯಪುರ, ಕಲಬುರಗಿ, ಬಳ್ಳಾರಿ, ಕೋಲಾರದ ಒಣ ಧೂಳಿನ ಸೀಮೆಯಲ್ಲಿ, ಬೆಂಗಳೂರು ಮೈಸೂರಿನ ವರ್ಷದ ಬಹುಪಾಲು ದಿನಗಳಲ್ಲಿ, ಅದ್ದಿದ ಮೇಣಕ್ಕೆ ಸಾಟಿಯಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲೋ ಕರಾವಳಿಯಲ್ಲೋ ದಿನವೂ ಸೈಕಲ್ ತುಳಿಯುವವರು ಮೇಣ ಹಾಕಿದ ಎರಡು ಮೂರು ಚೈನುಗಳನ್ನು ಸರದಿಯಲ್ಲಿ ಬಳಸಬೇಕು. ಅಷ್ಟು ಮಾಡಲಾಗದಿದ್ದರೆ ಆ ನಾಲ್ಕು ತಿಂಗಳು ಒಳ್ಳೆಯ ಎಣ್ಣೆ ಹಾಕಿ ದಿನವೂ ಒರೆಸಿಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಹೊಸ ಚೈನು ಕೊಂಡವರಲ್ಲಿ ಮಾತ್ರ ಒಂದು ಕೋರಿಕೆ: ಡಬ್ಬಿ ಒಡೆದ ಸಂಜೆಯನ್ನು ಪೂರ್ತಿ ತೊಳೆಯುವುದಕ್ಕೇ ಎತ್ತಿಡಿ, ಮೇಣದ ಒಲೆಯನ್ನು ಮಾರನೆಯ ದಿನ ಹಚ್ಚಿ.